ಎತ್ತಿದ ಕೈ

ಬೆಳಗ್ಗೆ ಆರೂವರೆಗೆ ನರ್ಸ್ ದಾನಮ್ಮ ಮಂಚದ ಪಕ್ಕ ನಿಂತು, “ಆಪರೇಷನ್ ಯಾವ ಕೈಗೈತ್ರಿ ಅಜ್ಜಾರ? ಎತ್ತಿ ತೋರಸ್ರಿ” ಎಂದಾಗ ದೊಡ್ಡಣ್ಣ ಎಡಗೈ ಎತ್ತಿದ. ಆಪರೇಷನ್ ಆಗಬೇಕಾಗಿದ್ದದ್ದು ಬಲಗೈಗೆ. ಎತ್ತುವಾಗ ಅವನ ಮನಸ್ಸಿನಲ್ಲಿ ಇದ್ದದ್ದು ಇಷ್ಟೇ: ಬಲಗೈ ಎತ್ತಲು ಬರುವುದಿಲ್ಲ, ಬಾರದ್ದಕ್ಕೇ ತಾನು ಇಲ್ಲಿ ಬಂದು ಮಲಗಿರುವುದು, ಹಾಗಾಗಿ ಎಡಗೈಯಿಂದ ಬಲಭುಜವನ್ನು ಮುಟ್ಟಿ ತೋರಿಸಿದರಾಯಿತು. ಆದರೆ ಎಡಗೈ ಎದೆಯನ್ನು ದಾಟಿ ಬಲಕ್ಕೆ ತಿರುಗುವ ಮೊದಲೇ ದಾನಮ್ಮ “ಆತ್ರಿ” ಎಂದು ಅದನ್ನು ಗಾಳಿಯಲ್ಲೇ ಹಿಡಿದು, ಗೌನಿನ ತೋಳನ್ನು ಮೇಲಕ್ಕೆ ಸರಿಸಿ, ಪೆನ್ನಿನ ಮುಚ್ಚಳವನ್ನು ಹಲ್ಲಿನಲ್ಲಿ ಕಚ್ಚಿ ಎಳೆದು, ತೋಳಿನ ಹೊರಮೈ ಮೇಲೆ ಭುಜದ ಕಡೆಗೆ ಮೊನೆ ಮಾಡಿದ ಒಂದು ನೀಲಿ ಬಾಣ ಬರೆದಳು. ಪೆನ್ನಿನ ತುದಿ ತಣ್ಣಗಿತ್ತು. “ಹ್ವಾದ ತಿಂಗಳಿಂದ ಹೊಸಾ ರೂಲ್ಸ್ ಮಾಡ್ಯಾರ್ರಿ, ಪೇಶಂಟ್‌ನ್ನ ಕೇಳೇ ಗುರ್ತ ಹಾಕ್ಬೇಕಂತ. ಅಂಜಬ್ಯಾಡ್ರಿ” ಎಂದು ಮುಚ್ಚಳ ಕಚ್ಚಿದ ಹಲ್ಲಿನ ಸಂದಿಯಿಂದಲೇ ಹೇಳಿದಳು. ‘ಇದಲ್ಲಮ್ಮ, ಆ ಕೈ’ ಎಂಬ ಮಾತು ಅವನ ನಾಲಿಗೆಯ ಮೇಲೆ ಸಿದ್ಧವಾಗಿತ್ತು. ಹೇಳುವುದಕ್ಕೆ ಬೇಕಾಗಿದ್ದುದು ಅರ್ಧ ಸೆಕೆಂಡು. ಆ ಅರ್ಧ ಸೆಕೆಂಡು ಕಳೆದು, ಅವಳು ಅವನ ಕೈಯನ್ನು ಹೊದಿಕೆಯೊಳಗೆ ಮಲಗಿಸಿ, ಪಕ್ಕದ ಮಂಚದ ವೆಂಕಟಗಿರಿಯ ಬಾಯಲ್ಲಿ ಥರ್ಮಾಮೀಟರ್ ಇಟ್ಟು, ಗಡಿಯಾರ ನೋಡುತ್ತ ನಿಂತಿದ್ದಳು. ಈಗ ಹೇಳಿದರೆ ತಿದ್ದಿದಂತಾಗುವುದಿಲ್ಲ, ದೂರು ಹೇಳಿದಂತಾಗುತ್ತದೆ ಎಂದು ದೊಡ್ಡಣ್ಣನಿಗೆ ಅನ್ನಿಸಿತು. ಅವನು ಸುಮ್ಮನಾದ. ಸುಮ್ಮನಾದ ಮೇಲೆ ಭಯ ನಿಧಾನವಾಗಿ ಏರತೊಡಗಿತು.

ರಾಜಾಜಿನಗರದ ಆ ನರ್ಸಿಂಗ್ ಹೋಮಿನ ಎರಡನೇ ಮಹಡಿಯ ಕಿಟಕಿಯಿಂದ ಕೈಗಾರಿಕಾ ಬಡಾವಣೆಯ ಶೆಡ್ಡುಗಳ ಚಾವಣಿ ಕಾಣುತ್ತಿತ್ತು. ಕಲ್ನಾರಿನ ಶೀಟುಗಳು, ನಡುನಡುವೆ ಶೆಡ್ಡು ಕೆಡವಿ ಎಬ್ಬಿಸಿದ ಅಪಾರ್ಟ್‌ಮೆಂಟುಗಳು. ಬಸ್ಸುಗಳ ಸದ್ದು ಕಡಿಮೆಯಾದಾಗ ಎಲ್ಲೋ ಒಂದು ತಗಡು ಒತ್ತುವ ಪವರ್ ಪ್ರೆಸ್ ಬೀಳುವುದು ಕೇಳುತ್ತಿತ್ತು. ಐವತ್ತು ಟನ್ನಿನದು ಎಂದು ಅವನು ಸದ್ದಿನಿಂದಲೇ ಗುರುತಿಸಿದ. ಮೂವತ್ತು ವರ್ಷ ಅಂಥ ಶೆಡ್ಡಿನಲ್ಲಿ ದುಡಿದು, ಕೊನೆಯ ಹನ್ನೆರಡು ವರ್ಷ ಮೇಸ್ತ್ರಿಯಾಗಿದ್ದು, ನಿವೃತ್ತನಾಗಿ ಹತ್ತು ವರ್ಷವಾಗಿದ್ದರೂ ಕಿವಿ ಆ ಕೆಲಸ ಬಿಟ್ಟಿರಲಿಲ್ಲ. ಪ್ರತಿ ಏಟಿಗೂ ಮುಂದಿನ ಏಟನ್ನು ಕಾಯುವುದು, ಅದು ಬಿದ್ದಾಗ ಉಸಿರು ಬಿಡುವುದು. ಹೊದಿಕೆಯೊಳಗೆ ಎಡತೋಳು ಬೇರೆ ಯಾರದೋ ಅನ್ನುವ ಹಾಗೆ ಬೆಚ್ಚಗೆ ಮಲಗಿತ್ತು. ಬಾಣ ಇದ್ದ ಜಾಗ ಮಾತ್ರ ಒಣಗುತ್ತ ಚರ್ಮವನ್ನು ಸಣ್ಣಗೆ ಎಳೆಯುತ್ತಿತ್ತು.

ಮೂರು ವಾರದ ಹಿಂದೆ ಇದೇ ಕಟ್ಟಡದ ಕೆಳಗಿನ ಕೋಣೆಯಲ್ಲಿ ಡಾಕ್ಟರು ಶರ್ಟು ಬಿಚ್ಚಿಸಿ, “ಬಲಗೈ ಎತ್ತಿ, ನೋಡೋಣ” ಎಂದಿದ್ದರು. ಹೆಂಡತಿ ಹನುಮಕ್ಕ, ಮಗಳು ಅನು, ಕಲಿಯಲು ಬಂದಿದ್ದ ಮೂವರು ಎಳೆಯ ಡಾಕ್ಟರುಗಳು, ಎಲ್ಲರೂ ನೋಡುತ್ತಿದ್ದರು. ಅವನು ಎತ್ತಿದ. ಕೈ ಸೊಂಟ ಬಿಟ್ಟು ಒಂದು ಗೇಣು ಮೇಲೆ ಬಂದು ನಿಂತಿತು. ಅದರ ಬದಲು ಇಡೀ ಭುಜ ಕಿವಿಯ ಕಡೆಗೆ ಎದ್ದು, ಚರ್ಮದ ಕೆಳಗೆ ಸಣ್ಣ ಕಿತ್ತಳೆಯಷ್ಟು ಮೂಳೆಯ ಗುಂಡು ಮುಂದಕ್ಕೆ ನೂಕಿಕೊಂಡು ಬಂತು. “ನೋಡಿ, ಗುಂಡು ತಪ್ಪಿಸಿಕೊಂಡು ಓಡ್ತಾ ಇದೆ” ಎಂದು ಡಾಕ್ಟರು ಹುಡುಗರಿಗೆ ತೋರಿಸಿದರು. ಅವರು ಒಬ್ಬೊಬ್ಬರಾಗಿ ಮುಟ್ಟಿ ನೋಡಿದರು. ಒಬ್ಬಳು, “ಇನ್ನೊಂದ್ಸಲ ಎತ್ತಿ ಅಂಕಲ್, ಫೋಟೋ ತಗೋತೀನಿ” ಎಂದಳು. ಅವನು ಇನ್ನೊಂದು ಸಲ ಎತ್ತಿದ. ಬಿಳಿ ಕೂದಲಿನ ತನ್ನ ಎದೆ, ಜೋತ ಹೊಟ್ಟೆ, ಬನಿಯನ್ನಿನ ಗುರುತು, ಎಲ್ಲ ಆ ಟ್ಯೂಬ್‌ಲೈಟಿನಲ್ಲಿ ಮಗಳ ಮುಂದೆ. ಹನುಮಕ್ಕ ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದಳು. ಭುಜದ ಗುಂಡನ್ನು ಅದರ ಬಟ್ಟಲಿನಲ್ಲಿ ಹಿಡಿದಿಡುವುದು ನಾಲ್ಕು ಪಟ್ಟಿಗಳು, ಇವರಿಗೆ ಎರಡು ಪೂರ್ತಿ ಹರಿದಿವೆ, ಮೂರನೆಯದು ಅರ್ಧ ಎಂದು ಡಾಕ್ಟರು ವಿವರಿಸಿದರು. ಹರಿದ ತುದಿ ಒಳಕ್ಕೆ ಎಳೆದುಕೊಂಡುಬಿಟ್ಟಿದೆ, ಅದರ ಮಾಂಸಖಂಡ ಕೊಬ್ಬಾಗಿ ಹೋಗಿದೆ. “ಹಳೇ ಬನಿಯನ್‌ಗೆ ಹೊಲಿಗೆ ಹಾಕಿದ ಹಾಗೆ. ದಾರ ನಿಲ್ಲುತ್ತೆ, ಬಟ್ಟೆ ನಿಲ್ಲಲ್ಲ. ಬಿದ್ದು ಎರಡು ವರ್ಷ ಆಯ್ತು ಅಂತೀರಿ, ಅಲ್ಲೀ ತನಕ ಏನ್ ಮಾಡ್ತಿದ್ರಿ?” ಹನುಮಕ್ಕನೇ ಹೇಳಿದಳು: “ಬ್ಯಾಡರಹಳ್ಳೀಲಿ ನಾಟಿ ಕಟ್ಟು ಹಾಕಿಸಿದ್ವಿ ಸಾರ್. ಮೊಟ್ಟೆ ಬಿಳಿ, ಬಿದಿರು ದಬ್ಬೆ. ಮೂರು ತಿಂಗಳು ಬಿಚ್ಚಿಲ್ಲ.” ಎಳೆಯ ಡಾಕ್ಟರುಗಳು ಮುಖ ಮುಖ ನೋಡಿಕೊಂಡರು. ಮೂಳೆ ಮುರಿದಿಲ್ಲ, ಜರುಗಿದೆ ಅಷ್ಟೆ ಎಂದು ಕಟ್ಟಿದವನು ಹೇಳಿದ್ದು ಸುಳ್ಳಾಗಿರಲಿಲ್ಲ. ಅದಕ್ಕಿಂತ ಮುಖ್ಯವಾಗಿ, ಕಟ್ಟು ಹಾಕುವವನು ಹೇಗೆ ಬಿದ್ದಿರಿ ಎಂದು ಕೇಳಿರಲಿಲ್ಲ.

ದೇವರು ಬಟ್ಟಲು ಇಟ್ಟ ಕಡೆ ಗುಂಡು ಇಡುತ್ತೇವೆ, ಗುಂಡು ಇಟ್ಟ ಕಡೆ ಬಟ್ಟಲು ಎಂದರು ಡಾಕ್ಟರು. “ಉಲ್ಟಾನಾ ಸಾರ್?” ಎಂದ ದೊಡ್ಡಣ್ಣ. “ಉಲ್ಟಾ. ಆಗ ಹರಿದ ಪಟ್ಟಿಗಳ ಹಂಗೇ ಬೇಡ. ಹೊರಗಡೆಯ ದೊಡ್ಡ ಸ್ನಾಯು ಒಂದೇ ಕೈ ಎತ್ತುತ್ತೆ. ಗುಂಡೂ ತಪ್ಪಿಸಿಕೊಳ್ಳಲ್ಲ.” ಲೋಹದ ಅರ್ಧ ಗೋಳವನ್ನು ಸ್ಕ್ರೂ ಹಾಕಿ ಕೂರಿಸುವ ಚಿತ್ರ ತೋರಿಸಿದರು. ಆ ಕೋಣೆಯಲ್ಲಿ ಅದು ಎಲ್ಲರಿಗಿಂತ ಚೆನ್ನಾಗಿ ಅರ್ಥವಾದದ್ದು ಅವನಿಗೇ ಇರಬೇಕು. ಪ್ರೆಸ್ಸಿನ ಮೇಲಿನ ಅಚ್ಚು, ಕೆಳಗಿನ ಅಚ್ಚು. ಶೆಡ್ಡಿನಲ್ಲಿ ಗಂಡು ಹೆಣ್ಣು ಎನ್ನುತ್ತಿದ್ದರು. ಅವಸರಕ್ಕೆ ಅವನ್ನು ಅದಲುಬದಲು ಕೂರಿಸಿ ಕೆಲಸ ತೆಗೆದದ್ದುಂಟು. ತೆಗೆಯಬಹುದು. ಆದರೆ ಬೋಲ್ಟು ಎಲ್ಲಿ ಸಡಿಲವಾಗುತ್ತದೆ, ಯಾವ ದಿನ, ಅದನ್ನು ಯಾರೂ ಹೇಳಲಾರರು. ಅನು, “ಇದುವರೆಗೆ ಎಷ್ಟು ಮಾಡಿದೀರಿ ಸಾರ್?” ಎಂದು ಕೇಳಿದಳು. “ನಮ್ಮಲ್ಲಿ ಇದು ಹೊಸದಮ್ಮ. ನಾನು ಮಾಡಿರೋದು ಒಂಬತ್ತು. ನಿಮ್ಮ ತಂದೆಯವರದು ಹತ್ತನೇದು.” ಡಾಕ್ಟರು ಸುಳ್ಳು ಹೇಳುವವರಲ್ಲ ಎಂಬ ಧೈರ್ಯವೂ, ಬರೀ ಒಂಬತ್ತು ಎಂಬ ಭಯವೂ ಒಟ್ಟಿಗೇ ಬಂದವು. ಮನೆಗೆ ಹೋದ ಮೇಲೆ ಕಾಮಾಕ್ಷಿಪಾಳ್ಯದ ಬೀದಿಯಲ್ಲಿ ಪಕ್ಕದ ಮನೆಯಾಕೆ ಕಾಂಪೌಂಡಿನಾಚೆಯಿಂದ, “ಏನ್ರೀ, ಡಾಕ್ಟ್ರು ಕೈ ಎತ್ತಿಬಿಟ್ರಂತೆ?” ಎಂದು ಮರುಗಿದಳು. ಹನುಮಕ್ಕ, “ಅಯ್ಯೋ ಇಲ್ಲ ಕಣ್ರೀ, ಡಾಕ್ಟ್ರು ಯಾಕೆ ಎತ್ತುತಾರೆ? ಇವರ ಕೈ ಎತ್ತಿಸೋಕೆ ಆಪರೇಷನ್ನು” ಎಂದಳು. ಇಬ್ಬರೂ ನಕ್ಕದ್ದು ಒಳಗೆ ಕುರ್ಚಿಯಲ್ಲಿ ಕೂತಿದ್ದ ಅವನಿಗೆ ಕೇಳಿಸಿತು. ಅವನು ನಗಲಿಲ್ಲ. ‘ಕೈ ಎತ್ತುವ’ ಆ ಮಾತು ಅವನ ಬೆನ್ನು ಹತ್ತಿ ಹದಿನೇಳು ವರ್ಷವಾಗಿತ್ತು. ನಿವೃತ್ತಿಯ ದಿನ ಶಾಲು ಹೊದಿಸಿ ಮ್ಯಾನೇಜರು, “ಪ್ರೆಸ್ ಕೆಲಸದಲ್ಲಿ ನಮ್ಮ ದೊಡ್ಡಣ್ಣ ಎತ್ತಿದ ಕೈ” ಎಂದಾಗ ಎಲ್ಲರೂ ಚಪ್ಪಾಳೆ ತಟ್ಟಿದ್ದರು. ಅವನು ಒಂದೊಂದು ಮುಖವನ್ನೂ ನೋಡಿದ್ದ, ಎಲ್ಲಾದರೂ ಒಂದು ತುಟಿ ಕೊಂಕಿದೆಯೇ ಎಂದು. ಕೊಂಕಿರಲಿಲ್ಲ. ಅದು ಇನ್ನೂ ಹೆಚ್ಚು ಭಯ ತಂದಿತ್ತು.

“ಏನ್ ದೊಡ್ಡಣ್ಣೋರೆ, ಬೆವರ್ತಾ ಇದೀರಿ?” ವೆಂಕಟಗಿರಿ ಮಂಡಿ ಚಿಪ್ಪು ಬದಲಿಸಿಕೊಂಡು ನಾಲ್ಕನೇ ದಿನದವನು, ಆ ವಾರ್ಡಿನ ಹಳಬ. “ಕೊಯ್ಯೋದು ಗೊತ್ತೇ ಆಗಲ್ಲ ಬಿಡಿ. ಎಚ್ಚರ ಆಗೋವಾಗ ಮಾತ್ರ ಹುಷಾರು. ನಾಲಿಗೆ ನಮ್ಮ ಮಾತು ಕೇಳಲ್ಲ.”

“ಅಂದ್ರೆ?”

“ನಮ್ಮ ಷಡ್ಡಕ ಪಿತ್ತಕೋಶ ತೆಗಿಸ್ಕೊಂಡು ಈಚೆ ಬಂದ. ಹೆಂಡತಿ ಕೈ ಹಿಡ್ಕೊಂಡು ‘ಸರೋಜಾ, ನನ್ನ ಕ್ಷಮಿಸು ಸರೋಜಾ’ ಅಂತ ಗೋಳೋ ಅಂತ ಅತ್ತ.” ವೆಂಕಟಗಿರಿ ಥರ್ಮಾಮೀಟರ್ ಇಲ್ಲದ ಬಾಯನ್ನು ಅಗಲ ಮಾಡಿದ. “ನಮ್ಮ ನಾದಿನಿ ಹೆಸರು ಲಲಿತಾ.”

“ನೀವೇನಂದ್ರಿ?”

“ಯಾವನಿಗೊತ್ತು? ನಮ್ಮ ಮನೆಯವಳು ಹೇಳ್ತಾ ಇಲ್ಲ. ನಾಲ್ಕು ದಿನದಿಂದ ಬರೇ ನಗ್ತಾಳೆ.”

ದೊಡ್ಡಣ್ಣನೂ ನಗುವ ಹಾಗೆ ಮಾಡಿದ. ಕೊಯ್ಯುವ ಭಯಕ್ಕಿಂತ, ಸ್ಕ್ರೂ ಸಡಿಲವಾಗುವ ಭಯಕ್ಕಿಂತ, ಎಚ್ಚರವೇ ಆಗದಿದ್ದರೆ ಎಂಬ ಭಯಕ್ಕಿಂತ ಬೇರೆಯದೊಂದು ಇಷ್ಟು ಸುಲಭವಾಗಿ ಒಳಗೆ ಬಂದು ಕೂತಿತ್ತು. ಎಚ್ಚರವಾಗುವಾಗ ಮಂಚದ ಪಕ್ಕ ಇರುವವಳು ಅನು. ಅವಳು ಶಾಲೆಯೊಂದರ ಆಫೀಸಿನಲ್ಲಿ ಕೆಲಸ ಮಾಡುವವಳು. ಒಂದು ಮಾತು ಕೇಳಿದರೆ ಅದರ ಹಿಂದಿನದು ಮುಂದಿನದು ಕೇಳಿ, ಪೂರ್ತಿ ಮಾಡಿಯೇ ಬಿಡುವವಳು. ತಾನು ಯಾವ ಹೆಸರು ಹಿಡಿದು ಅಳಬಹುದು ಎಂಬುದರಲ್ಲಿ ಅವನಿಗೆ ಯಾವ ಅನುಮಾನವೂ ಇರಲಿಲ್ಲ. ಅನುವಿಗೂ ಆ ಹೆಸರು ಗೊತ್ತು. ವೀರೇಶಣ್ಣ ಯಾಕಪ್ಪಾ ಮನೆ ಕಡೆ ಬರ್ತಾ ಇಲ್ಲ ಎಂದು ಹದಿನಾರನೇ ವಯಸ್ಸಿನಲ್ಲಿ ಅವಳೇ ಕೇಳಿದ್ದಳು. ಊರಿಂದ ಬಂದಾಗಲೆಲ್ಲ ಜೋಳದ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿ ತಂದು, “ತಂಗೀ, ನಿಮ್ಮಪ್ಪಾರ ನಮಗ ಕೆಲಸ ಕಲಿಸಿದ ಗುರು” ಎನ್ನುತ್ತಿದ್ದವನು. “ತನ್ನ ಕೈಯಾರೆ ಮಾಡ್ಕೊಂಡ ಕಣಮ್ಮ. ಮೆಷಿನ್ ಬಟನ್ ಅವನೇ ಕಟ್ಟಿದ್ದ” ಎಂದು ದೊಡ್ಡಣ್ಣ ಪೇಪರಿನಿಂದ ತಲೆ ಎತ್ತದೆ ಹೇಳಿದ್ದ. ಅವಳು “ಛೆ” ಎಂದಿದ್ದಳು. ಆ ‘ಛೆ’ ವೀರೇಶನಿಗೆ ಹೇಳಿದ್ದು.

ಆ ಪ್ರೆಸ್ಸಿಗೆ ಎರಡು ಹಸಿರು ಬಟನ್ನುಗಳಿದ್ದವು, ಎಡಕ್ಕೊಂದು ಬಲಕ್ಕೊಂದು, ನಡುವೆ ಎರಡಡಿ ದೂರ. ಎರಡನ್ನೂ ಒಟ್ಟಿಗೆ ಒತ್ತಿದರೆ ಮಾತ್ರ ಅಚ್ಚು ಬೀಳುತ್ತಿತ್ತು. ಎರಡು ಕೈಯೂ ಬಟನ್ನಿನ ಮೇಲಿದ್ದರೆ ಯಾವ ಕೈಯೂ ಅಚ್ಚಿನ ಕೆಳಗೆ ಇರುವುದಿಲ್ಲ, ಅದಕ್ಕಾಗಿಯೇ ಆ ಏರ್ಪಾಟು. ಎಡಗಡೆಯದನ್ನು ಸೈಕಲ್ ಟ್ಯೂಬಿನ ಪಟ್ಟಿಯಿಂದ ಬಿಗಿದು ಕಟ್ಟಿಬಿಟ್ಟರೆ ಬಲಗೈ ಒಂದೇ ಸಾಕು. ಎಡಗೈ ತಗಡು ಒಳಗಿಡುತ್ತ ಹೋಗಬಹುದು, ಗಂಟೆಗೆ ನಾನೂರು ಬರುವ ಕಡೆ ಆರುನೂರು ಬರುತ್ತದೆ. ಇದು ಆ ಬಡಾವಣೆಯ ಅರ್ಧ ಶೆಡ್ಡುಗಳಲ್ಲಿ ಎಲ್ಲರಿಗೂ ಗೊತ್ತಿದ್ದ, ಯಾರೂ ಬಾಯಿಬಿಟ್ಟು ಹೇಳದ ಪದ್ಧತಿ. ತೊಂಬತ್ತೊಂದನೇ ಇಸವಿಯ ಮಾರ್ಚಿನಲ್ಲಿ ಶನಿವಾರದೊಳಗೆ ಬಾಗಿಲ ಕೀಲಿನ ತಗಡುಗಳ ಒಂದು ದೊಡ್ಡ ಆರ್ಡರ್ ಮುಗಿಸಬೇಕಾಗಿತ್ತು. ಗುರುವಾರ ಬೆಳಗ್ಗೆ ದೊಡ್ಡಣ್ಣ ತನ್ನ ಕೈಯಿಂದಲೇ ಪಟ್ಟಿ ಕಟ್ಟಿದ. “ಶನಿವಾರದ ತನಕ ಅಷ್ಟೆ ಕಣೋ. ಹುಷಾರಾಗಿ ಮಾಡು” ಎಂದು ವೀರೇಶನಿಗೆ ಹೇಳಿದ. ಮಧ್ಯಾಹ್ನ ಮೂರು ಹತ್ತಕ್ಕೆ ವೀರೇಶನ ಎಡಗೈಯ ನಡುವಿನ ಮೂರು ಬೆರಳು ಹೋದವು. ಹೆಬ್ಬೆರಳು, ಕಿರುಬೆರಳು ಉಳಿದವು. ಪ್ರೆಸ್ಸಿನ ಸದ್ದಿನಲ್ಲಿ ಏನೂ ವ್ಯತ್ಯಾಸವಿರಲಿಲ್ಲ. ಅದನ್ನು ದೊಡ್ಡಣ್ಣ ಇವತ್ತಿಗೂ ಯೋಚಿಸುತ್ತಾನೆ: ಬೇರೆ ಎಲ್ಲ ಏಟುಗಳ ಹಾಗೆಯೇ ಅದೂ ಒಂದು. ಉಳಿದವರು ಕಾಟನ್ ವೇಸ್ಟಿನಲ್ಲಿ ಆ ಕೈ ಸುತ್ತುತ್ತಿದ್ದಾಗ ಅವನು ಬಟನ್ನಿನ ಮೇಲಿನ ಪಟ್ಟಿ ನೋಡುತ್ತ ನಿಂತಿದ್ದ. ಅದು ಅವನ ಗಂಟು. ಎರಡು ಸುತ್ತು, ಒಳಗಿಂದ ಒಂದು ಮಡಿಕೆ.

ನಾಲ್ಕು ದಿನ ಬಿಟ್ಟು ಕಾರ್ಖಾನೆ ಇಲಾಖೆಯ ಇನ್‌ಸ್ಪೆಕ್ಟರ್ ಬಂದರು. ಮೇಜಿನ ಈಚೆ ವೀರೇಶ, ಕೈಗೆ ತೆಂಗಿನಕಾಯಿಯಷ್ಟು ಬ್ಯಾಂಡೇಜು. ಗೋಡೆಯ ಪಕ್ಕ ಎಂಟು ಜನ ಕೆಲಸಗಾರರು, ಮೊದಲನೆಯವನು ದೊಡ್ಡಣ್ಣ. “ನಾ ಕಟ್ಟಿಲ್ರಿ ಸಾಹೇಬ್ರ” ಎಂದ ವೀರೇಶ. ಯಾರು ಕಟ್ಟಿದರು ಎಂದು ಹೇಳಲಿಲ್ಲ. “ಮೇಸ್ತ್ರಿಯವ್ರನ್ನ ಕೇಳ್ರಿ, ಅವ್ರಿಗೆ ಗೊತ್ತೈತಿ” ಎಂದ. ದೊಡ್ಡಣ್ಣ ಈ ಮಾತನ್ನು ಎಷ್ಟೋ ರೀತಿಯಲ್ಲಿ ತಿರುಗಿಸಿ ನೋಡಿದ್ದಾನೆ, ಅದರಲ್ಲಿ ಬೆದರಿಕೆ ಇತ್ತೇ, ಚುಚ್ಚುಮಾತಿತ್ತೇ ಎಂದು. ಇರಲಿಲ್ಲ. ನಂಬಿಕೆ ಇತ್ತು, ಅಷ್ಟೆ. ಮ್ಯಾನೇಜರು ಗಂಟಲು ಸರಿಮಾಡಿಕೊಂಡು, “ಈ ಹುಡುಗ ತಾನೇ ಕಟ್ಕೊಂಡಿದ್ದನ್ನ ಯಾರ್ಯಾರು ನೋಡಿದೀರಿ? ಕೈ ಎತ್ತಿ” ಎಂದರು. ಮೊದಲು ಯಾರೂ ಎತ್ತಲಿಲ್ಲ. ಏಳು ಜನವೂ ದೊಡ್ಡಣ್ಣನ ಕಡೆ ನೋಡಿದರು. ಆಗ ಅವನ ಬಲಗೈ ಮೇಲೆ ಹೋಯಿತು. ತಾನು ಎತ್ತಿದೆನೋ ಅದೇ ಹೋಯಿತೋ ಎಂದು ಅವನು ಒಂದು ಕಾಲದಲ್ಲಿ ತನ್ನೊಳಗೇ ವಾದ ಮಾಡಿದ್ದುಂಟು. ಈಗ ಮಾಡುವುದಿಲ್ಲ. ಕೈ ಎಷ್ಟು ಸಲೀಸಾಗಿ ಹೋಯಿತು ಎಂಬುದು ಮಾತ್ರ ನೆನಪಿದೆ. ಯಾವ ನೋವೂ ಇಲ್ಲದೆ, ಭುಜದಲ್ಲಿ ಸದ್ದೇ ಇಲ್ಲದೆ, ಕಿವಿಯನ್ನು ದಾಟಿ ನೆಟ್ಟಗೆ. ಹಿಂದೆಯೇ ಇನ್ನೇಳು ಕೈಗಳು. ಇನ್‌ಸ್ಪೆಕ್ಟರ್ ಬರೆದುಕೊಂಡರು. ವೀರೇಶ ಎಂಟು ಕೈಗಳನ್ನೂ ನೋಡಲಿಲ್ಲ, ಒಂದನ್ನೇ ನೋಡಿದ.

“ಈ ಗುಳಿಗಿ ತಗೋರಿ ಅಜ್ಜಾರ. ಸ್ವಲ್ಪ ಮಂಪರು ಬರತೈತಿ, ಗಾಬರಿ ಕಮ್ಮಿ ಆಗತೈತಿ.” ದಾನಮ್ಮ ಒಂದು ಚಮಚದಷ್ಟೇ ನೀರು ಕೊಟ್ಟಳು. ಇಪ್ಪತ್ತೆರಡು ಇಪ್ಪತ್ತಮೂರರ ಹುಡುಗಿ, ಎಣ್ಣೆ ಹಾಕಿ ಬಿಗಿದ ಜಡೆ, ಬಿಳಿ ಬೂಟಿನಲ್ಲಿ ಹಿಮ್ಮಡಿ ಕಡೆ ಹರಿದ ದಾರ. ಗಡಿಯಾರ ಏಳೂ ಕಾಲು ತೋರಿಸುತ್ತಿತ್ತು. ಈಗ ಹೇಳಬೇಕು ಎಂದುಕೊಂಡ. ಹೇಳುವ ಬದಲು, “ಯಾವೂರಮ್ಮ ನಿಂದು?” ಎಂದ.

“ಗಜೇಂದ್ರಗಡದ ಹತ್ರ ಒಂದ್ ಹಳ್ಳಿರಿ. ಯಾಕ್ರಿ?”

“ಸುಮ್ನೆ. ಆ ಕಡೆಯವರು ಒಬ್ರು ಗೊತ್ತಿದ್ರು.”

“ಹೆಸ್ರು ಹೇಳ್ರಿ, ನಮ್ಮ ಬೀಗರು ಆಗಿರ್ತಾರ.” ನಕ್ಕಳು. “ನಮ್ಮ ಕಡಿ ಮಂದೆಲ್ಲಾ ಬೀಗರ.”

ಹೆಸರು ಹೇಳಲಿಲ್ಲ. ಅವಳು ಹೋದಳು. ಆಮೇಲೆ ಕಸ ಗುಡಿಸುವವಳು ಬಂದಳು, ಅವಳಿಗೆ ಹೇಳಿ ಪ್ರಯೋಜನವಿಲ್ಲ. ಅರಿವಳಿಕೆಯ ಡಾಕ್ಟರು ಬಂದು ಬಾಯಿ ತೆರೆಸಿ ಹಲ್ಲು ನೋಡಿ, “ಕಟ್ಟಿಸಿದ ಹಲ್ಲು ಇದೆಯಾ?” ಎಂದು ಕೇಳಿ ಹೋದರು, ಅವರು ಕೇಳಿದ್ದು ಹಲ್ಲಿನ ವಿಷಯ. ಹೀಗೆ ಒಬ್ಬೊಬ್ಬರನ್ನೂ ಅವನು ಯಾವುದೋ ಒಂದು ಕಾರಣ ಕೊಟ್ಟು ಕಳಿಸಿದ. ಮಾತ್ರೆಯಿಂದ ಕಾಲು ಹಗುರಾಗುತ್ತ ಬಂತು, ತಲೆ ಆಗಲಿಲ್ಲ. ಎಡಭುಜವನ್ನೇ ಕೊಯ್ದರೆ? ಎಕ್ಸ್‌ರೇ ಇದೆ, ನೋಡಿಯೇ ನೋಡುತ್ತಾರೆ. ಎಕ್ಸ್‌ರೇ ಫಿಲ್ಮನ್ನೇ ತಿರುಗಿಸಿ ಹಿಡಿದರೆ? ಉಲ್ಟಾ ಇಡುವುದೇ ಅವರ ಕೆಲಸವಲ್ಲವೇ. ಬಾಣ ನೋಡಿ ಕತ್ತಿ ಹಾಕುತ್ತಾರೆ, ಒಳಗೆ ನಾಲ್ಕು ಪಟ್ಟಿಯೂ ಗಟ್ಟಿಯಾಗಿರುವುದನ್ನು ಕಂಡು ಡಾಕ್ಟರು ಮುಖಗವಸಿನೊಳಗೆ ಏನೋ ಅನ್ನುತ್ತಾರೆ. ಆಗ ತಾನು ಎರಡು ಕೈಯೂ ಇಲ್ಲದವನು. ಹನುಮಕ್ಕ ತುತ್ತು ಮಾಡಿ ತಿನ್ನಿಸಬೇಕು, ಕಚ್ಚೆ ಬಿಚ್ಚಬೇಕು. ಹಾಗೇ ಆಗಲಿ ಎಂದು ಒಂದು ಕ್ಷಣ ಅನ್ನಿಸಿ, ಅನ್ನಿಸಿದ್ದರಲ್ಲಿ ಒಂದು ಸುಖವೂ ಇದ್ದು, ಆ ಸುಖ ಮುಗಿಯುವ ಮೊದಲೇ ಎಡಗೈ ಹೊದಿಕೆಯನ್ನು ಗಟ್ಟಿಯಾಗಿ ಹಿಡಿದುಕೊಂಡಿತು. ಇಲ್ಲ, ಅವನಿಗೆ ಎರಡು ಕೈಯೂ ಬೇಕಾಗಿತ್ತು. ಅವನು ಅಂಥ ದೊಡ್ಡ ಮನಸ್ಸಿನವನಲ್ಲ.

ಬಿದ್ದ ದಿನ ಬಸ್ಸಿನಲ್ಲೂ ಹೀಗೇ ಆಗಿತ್ತು. ಎರಡು ವರ್ಷದ ಹಿಂದೆ, ಬಿನ್ನಿಪೇಟೆಯಿಂದ ಮಾಗಡಿ ರಸ್ತೆಯ ಕಡೆ ಬರುವ ಬಸ್ಸು, ಸಂಜೆ ಐದರ ಜನ. ಬಲಗೈಯಿಂದ ಮೇಲಿನ ಕಂಬಿ ಹಿಡಿದು ನಿಂತಿದ್ದ. ಕಾಮಾಕ್ಷಿಪಾಳ್ಯ ಹತ್ತಿರವಾದಾಗ ಅದೇ ಕಂಬಿಯ ಮೇಲೆ, ಅವನ ಕೈಗೆ ಅರ್ಧ ಗೇಣು ದೂರದಲ್ಲಿ, ಇನ್ನೊಂದು ಕೈ ಬಂದು ಕೂತಿತು. ಹೆಬ್ಬೆರಳು, ಕಿರುಬೆರಳು. ನಡುವೆ ನುಣುಪಾದ ಬೋಳು ಗೆಣ್ಣು. ಅವನು ಮುಖ ನೋಡಲಿಲ್ಲ. ಆ ಕಡೆಯ ಬಸ್ಸುಗಳಲ್ಲಿ ಅಂಥ ಕೈಗಳು ಬೇಕಾದಷ್ಟು, ಅದು ವೀರೇಶನದೇ ಆಗಬೇಕೆಂದಿಲ್ಲ, ಆಗಿರಲಿಕ್ಕಿಲ್ಲ. ಆದರೂ ತನ್ನ ಕೈಯನ್ನು ಅಲ್ಲಿಂದ ಕಿತ್ತುಕೊಂಡು ಹಿಂದಕ್ಕೆ ಸರಿಯಲು ನೋಡಿದ. ಮುಖ ಅತ್ತ ತಿರುಗಿಸಿದ. ಡ್ರೈವರ್ ಬ್ರೇಕ್ ಹಾಕಿದ. ಹಿಡಿತ ತಪ್ಪಿತು, ಬಿಟ್ಟ ಕೈ ಸೀಟಿನ ಕಬ್ಬಿಣಕ್ಕೆ ಸಿಕ್ಕಿ ಹಿಂದಕ್ಕೆ ತಿರುಚಿಕೊಂಡಿತು. ಭುಜದೊಳಗೆ ಹಳೆಯ ಬಟ್ಟೆ ಹರಿದ ಹಾಗೆ ಸದ್ದು. ಬಿದ್ದವನನ್ನು ಯಾರೋ ಕಂಕುಳಿಗೆ ಕೈ ಹಾಕಿ ಎಬ್ಬಿಸಿದರು. “ಹುಷಾರು ಯಜಮಾನ್ರೇ” ಎಂದರು. ಕಣ್ಣು ಮುಚ್ಚಿಕೊಂಡಿದ್ದ ಅವನಿಗೆ ಎಬ್ಬಿಸಿದ ಕೈಯಲ್ಲಿ ಎಷ್ಟು ಬೆರಳಿದ್ದವು ಎಂದು ತಿಳಿಯಲಿಲ್ಲ.

ಎಂಟೂ ಕಾಲಿಗೆ ಅನು ಬಂದಳು. “ಅಮ್ಮ ಪೂಜೆ ಮುಗಿಸ್ಕೊಂಡು ಬರ್ತಾಳೆ. ನಿದ್ದೆ ಬಂತೇನಪ್ಪಾ?” ಎನ್ನುತ್ತ ಹೊದಿಕೆ ಸರಿಮಾಡಲು ಹೋದವಳು ಹಾಗೇ ನಿಂತಳು. ಗೌನಿನ ಎಡತೋಳು ಮೇಲೆ ಸರಿದಿತ್ತು. “ಇದೇನಿದು?” ಬಾಣವನ್ನು ಬೆರಳಿನಿಂದ ಉಜ್ಜಿದಳು. ಹೋಗಲಿಲ್ಲ. “ಈ ಕೈಗ್ಯಾಕೆ ಬರೆದಿದಾರೆ? ಯಾರು ಬರೆದಿದ್ದು? ಸಿಸ್ಟರ್! ಸಿಸ್ಟರ್!” ಅವಳ ಧ್ವನಿ ಕಾರಿಡಾರಿನ ಕೊನೆ ಮುಟ್ಟಿತು. ದಾನಮ್ಮ ಓಡಿ ಬಂದಳು. ಅವಳ ಹಿಂದೆ ವಾರ್ಡಿನ ಮುಖ್ಯಸ್ಥೆ ಜಗದಾಂಬಾ, ಕನ್ನಡಕ ಹಣೆಗೇರಿಸಿಕೊಂಡು. ಅವರ ಹಿಂದೆ ಸ್ಟ್ರೆಚರ್ ತಳ್ಳಿಕೊಂಡು ಬಂದ ಇಬ್ಬರು ಬಾಗಿಲಲ್ಲೇ ನಿಂತರು.

“ಮೇಡಂ, ಕೂಗಾಡ್ಬೇಡಿ, ಇದು ವಾರ್ಡು.”

“ಕೂಗ್ದೆ ಏನ್ ಮಾಡ್ಲಿ? ನಮ್ಮಪ್ಪನಿಗೆ ಬಲಗೈ ಆಪರೇಷನ್ನು. ಎಡಗೈಗೆ ಗುರುತು ಹಾಕಿದೀರಿ. ನಾನು ಬರೋದು ಹತ್ತು ನಿಮಿಷ ತಡ ಆಗಿದ್ರೆ?”

ಜಗದಾಂಬಾ ಬಾಣ ನೋಡಿದರು, ಫೈಲ್ ನೋಡಿದರು, ದಾನಮ್ಮನ ಕಡೆ ತಿರುಗಿದರು. “ಏನೇ ಇದು? ಕಣ್ಣು ಎಲ್ಲಿಟ್ಟಿದ್ದೆ? ಫೈಲ್ ನೋಡಿದ್ಯಾ?”

“ಕೇಳೀನ್ರಿ ಸಿಸ್ಟರ್. ಕೇಳೇ ಹಾಕೀನ್ರಿ. ಅವ್ರ ಎತ್ತಿ ತೋರ್ಸಿದ್ರು.” ಮುಖದಲ್ಲಿ ರಕ್ತ ಇರಲಿಲ್ಲ.

“ಕೈ ಎತ್ತೋಕಾಗದೆ ಬಂದಿರೋ ಪೇಶಂಟು ಎತ್ತಿ ತೋರಿಸಿದ್ರು ಅಂತೀಯಲ್ಲ, ನಾಚಿಕೆ ಆಗಲ್ವಾ? ನಡಿ, ಆಫೀಸಿಗೆ ನಡಿ. ಬ್ಯಾಗ್ ತಗೊಂಡೇ ನಡಿ.”

“ಅಜ್ಜಾರ್ನ ಕೇಳ್ರಿ” ಎಂದಳು ದಾನಮ್ಮ. “ಅವ್ರಿಗೆ ಗೊತ್ತೈತಿ.”

ಎಲ್ಲೋ ಪ್ರೆಸ್ಸು ಬಿತ್ತು. ಮುಂದಿನ ಏಟಿಗಾಗಿ ದೊಡ್ಡಣ್ಣ ಕಾದ. ಎಲ್ಲರೂ ಅವನ ಕಡೆ ತಿರುಗಿದ್ದರು. ಅನು, ಜಗದಾಂಬಾ, ಬಾಗಿಲಲ್ಲಿದ್ದ ಇಬ್ಬರು, ಮೊಣಕೈ ಊರಿ ಎದ್ದಿದ್ದ ವೆಂಕಟಗಿರಿ. ದಾನಮ್ಮ ಬೇರೆ ಯಾರನ್ನೂ ನೋಡದೆ ಅವನನ್ನೇ ನೋಡುತ್ತಿದ್ದಳು. ಜಗದಾಂಬಾ ಬಗ್ಗಿ, ಧ್ವನಿ ಮೆತ್ತಗೆ ಮಾಡಿ, “ಸಾರ್, ನಿಮಗೆ ಮಂಪರಿನ ಮಾತ್ರೆ ಕೊಟ್ಟಿದೆ. ನಿಮಗೇನೂ ಜ್ಞಾಪಕ ಇರಲ್ಲ, ಅಲ್ವಾ?” ಎಂದರು. ಅದರಲ್ಲಿ ಒಂದು ದಾರಿ ಇತ್ತು, ಅಗಲವಾದ, ಮೆತ್ತನೆಯ ದಾರಿ. ಸುಮ್ಮನೆ ಕಣ್ಣು ಮುಚ್ಚಿದರೆ ಸಾಕು. ಮುದುಕನಿಗೆ ತನ್ನ ಕೈ ಯಾವುದೆಂದೇ ಗೊತ್ತಿಲ್ಲ ಎಂದು ಯಾರೂ ನಗುವುದಿಲ್ಲ. ಮಗಳು ಇಷ್ಟು ಕೂಗಾಡಿದ್ದು ವ್ಯರ್ಥವಾಗುವುದಿಲ್ಲ. ಇನ್ನು ಹತ್ತು ನಿಮಿಷಕ್ಕೆ ತನ್ನನ್ನು ಮಲಗಿಸಿ ಮೂಗಿಗೆ ಕೊಳವೆ ಇಟ್ಟು ಕತ್ತಿ ಎತ್ತುವವರು ಇವರದೇ ಜನ. ಇವರ ಮಾತಿಗೆ ಎದುರು ಹೇಳಿ ಅವರ ಕೈಯೊಳಗೆ ಹೋಗುವುದಾದರೂ ಹೇಗೆ? ಈ ಭಯ ಅವನಿಗೆ ಚೆನ್ನಾಗಿ ಪರಿಚಯವಿತ್ತು, ಅದರ ರುಚಿಯೂ ಗೊತ್ತಿತ್ತು. ಹದಿನೇಳು ವರ್ಷದಲ್ಲಿ ಅದು ಸ್ವಲ್ಪವೂ ಹಳತಾಗಿರಲಿಲ್ಲ.

“ಎತ್ತಿದ್ದೆ” ಎಂದ.

ಯಾರಿಗೂ ಕೇಳಿಸಲಿಲ್ಲ. ಅವನು ಹೊದಿಕೆಯೊಳಗಿಂದ ಎಡಗೈ ತೆಗೆದು ಎತ್ತಿದ. ಕೈ ಹೋಯಿತು, ಎದೆಯ ಮಟ್ಟ ದಾಟಿ, ಕಿವಿ ದಾಟಿ, ನೆಟ್ಟಗೆ. ಗೌನಿನ ತೋಳು ಜಾರಿ ಭುಜಕ್ಕೆ ಬಿತ್ತು. ಬಾಣ ಈಗ ಉಲ್ಟಾ ಆಗಿ ಮೊನೆ ಅವನ ಮುಖದ ಕಡೆಗೆ ಇತ್ತು.

“ಹೀಗೆ ಎತ್ತಿದ್ದೆ. ಅವಳು ಕೇಳಿದ್ಲು, ನಾನೇ ತಪ್ಪು ಕೈ ಎತ್ತಿದೆ. ಆಮೇಲೆ ಗೊತ್ತಾಯ್ತು, ಹೇಳಲಿಲ್ಲ. ಎರಡು ಗಂಟೆಯಿಂದ ಹೇಳಲಿಲ್ಲ. ಆ ಹುಡುಗಿ ತಪ್ಪೇನೂ ಇಲ್ಲ.”

ವೆಂಕಟಗಿರಿ, “ಅಬ್ಬಾ, ಇವರಿಗೆ ಒಳಗೆ ಹೋಗೋಕೆ ಮುಂಚೇನೇ ಶುರುವಾಯ್ತು” ಎಂದು ನಗಲು ನೋಡಿ, ಯಾರೂ ನಗದಿದ್ದರಿಂದ ಮೊಣಕೈ ತೆಗೆದು ಮತ್ತೆ ಮಲಗಿಕೊಂಡ. ಜಗದಾಂಬಾ ಕನ್ನಡಕ ಹಣೆಯಿಂದ ಇಳಿಸಿದರು. ದಾನಮ್ಮ ಸೆರಗಿಲ್ಲದ ಯೂನಿಫಾರ್ಮಿನಲ್ಲಿ ಸೆರಗು ಹುಡುಕುವವಳಂತೆ ಭುಜ ಮುಟ್ಟಿಕೊಂಡು, ಕೊನೆಗೆ ಅಂಗೈಯಿಂದಲೇ ಕಣ್ಣೊರೆಸಿಕೊಂಡಳು. “ಸ್ಪಿರಿಟ್ ತಗೊಂಬಾ, ಅಳಿಸಿ ಈ ಕಡೆ ಬರಿ. ಡಾಕ್ಟರ ಮುಂದೇನೇ ಬರಿ” ಎಂದು ಅವಳಿಗೆ ಹೇಳಿ ಜಗದಾಂಬಾ ಸ್ಟ್ರೆಚರಿನವರಿಗೆ ಒಳಗೆ ಬರುವಂತೆ ಸನ್ನೆ ಮಾಡಿದರು.

“ಏನಪ್ಪಾ ನೀನು” ಎಂದಳು ಅನು. ಸಿಟ್ಟೂ ಅಳುವೂ ಬೆರೆತ ಧ್ವನಿ. “ಸುಮ್ನಿದ್ದುಬಿಟ್ರೆ ಹೇಗಪ್ಪಾ? ಏನಾದ್ರೂ ಆಗಿದ್ರೆ? ಆಯ್ತು, ಗೊತ್ತಾಯ್ತಲ್ಲ, ಕೈ ಇಳಿಸು.”

ಅವನು ಇಳಿಸಲಿಲ್ಲ. ಕೈ ನೋಯತೊಡಗಿತ್ತು. ಮಗಳ ಮುಖವನ್ನು ನೋಡಿದರೆ ಮಾತು ಬರುವುದಿಲ್ಲವೆಂದು ಬಾಗಿಲ ಮೇಲಿನ ಗಡಿಯಾರ ನೋಡಿದ. ಸ್ಟ್ರೆಚರಿನ ಗಾಲಿಗಳು ಮಂಚದ ಹತ್ತಿರ ಬಂದು ನಿಂತವು.

“ಇರಮ್ಮ” ಎಂದ. “ಎತ್ತಿದ್ದು ಇನ್ನೊಂದಿದೆ.”